ಲ್ಯಾಬಿನ 40 ಕಂಪ್ಯೂಟರ್‌ಗೆ ನೆಟ್‌ವರ್ಕ್ ಮೂಲಕವೇ ವಿಂಡೋಸ್ ಹಾಕಬಹುದಾ?

ಪೆನ್‌ಡ್ರೈವ್ ಹಿಡ್ಕೊಂಡು 40 ಕಂಪ್ಯೂಟರ್‌ಗೂ ಸುತ್ತೋದು ತಪ್ಪಿಸಬಹುದಾ ಅಂತ ಕೇಳಿದ್ದೀರಿ. ಖಂಡಿತ ಆಗುತ್ತೆ ಸರ್. ಮಂಡ್ಯದ ಒಂದು ಕಾಲೇಜಲ್ಲಿ ಲ್ಯಾಬ್ ನೋಡಿಕೊಳ್ಳುತ್ತೇನೆ, ಸೆಮಿಸ್ಟರ್ ಶುರುವಾಗೋ ಮುಂಚೆ ನಮಗೂ ಇದೇ ಕೆಲಸ. ಫಾಗ್ ಅನ್ನೋ ಉಚಿತ ಸಾಫ್ಟ್‌ವೇರ್ ಇದೆ, ಒಂದು ಮಾಸ್ಟರ್ ಕಂಪ್ಯೂಟರಲ್ಲಿ ಸಿದ್ಧ ಮಾಡಿದ ವಿಂಡೋಸ್‌ನ ಪೂರ್ತಿ ನಕಲು (ಇದಕ್ಕೇ ಇಮೇಜ್ ಅನ್ನೋದು) ತೆಗೆದು ನೆಟ್‌ವರ್ಕಲ್ಲಿ ಉಳಿದವಕ್ಕೆ ಕಳಿಸುತ್ತೆ. ಒಂದು ಕಂಪ್ಯೂಟರ್‌ಗೆ ಲಿನಕ್ಸ್ ಹಾಕಿ ಅದರಲ್ಲಿ ಫಾಗ್ ಕೂರಿಸಿದರೆ ಅದೇ ನಿಮ್ಮ ಸರ್ವರ್.

ಆದರೆ ಮೊದಲು ಕಂಪ್ಯೂಟರ್‌ಗಳನ್ನೆಲ್ಲ ಜೋಡಿಸೋ ನೆಟ್‌ವರ್ಕ್ ಸ್ವಿಚ್ ನೋಡಿ. ಇಮೇಜ್ 20 ಜಿಬಿ ಅಂತ ಇಟ್ಕೊಳ್ಳಿ, ಹಳೇ 100 ಎಂಬಿಪಿಎಸ್ ಸ್ವಿಚ್ ಇದ್ದರೆ ಒಂದು ಕಂಪ್ಯೂಟರ್‌ಗೇ ಸುಮಾರು 27 ನಿಮಿಷ ಹಿಡಿಯುತ್ತೆ, 40ಕ್ಕೂ ಬೇರೆ ಬೇರೆಯಾಗಿ ಕಳಿಸಿದರೆ 18 ಗಂಟೆ ಬೇಕು, ಅಷ್ಟರಲ್ಲಿ ಮಧ್ಯೆ ಕರೆಂಟ್ ಹೋಗದೇ ಇರುತ್ತಾ? ಗಿಗಾಬಿಟ್ ಸ್ವಿಚ್ ಆದರೆ ಅದರ ಹತ್ತನೇ ಒಂದು ಭಾಗ ಸಾಕು. ಮಲ್ಟಿಕಾಸ್ಟ್ ಅಂತಾನೂ ಇದೆ, ಮೇಷ್ಟ್ರು ಉಕ್ತಲೇಖನ ಹೇಳಿದ ಹಾಗೆ ಸರ್ವರ್ ಒಂದೇ ಸಲ ಕಳಿಸುತ್ತೆ, ಎಲ್ಲ ಕಂಪ್ಯೂಟರೂ ಒಟ್ಟಿಗೆ ಬರ್ಕೊಳ್ಳುತ್ತವೆ. ತೊಂದರೆಯೂ ಅಲ್ಲೇ ಇದೆ: ಒಂದು ಕಂಪ್ಯೂಟರ್‌ನ ಹಾರ್ಡ್‌ಡಿಸ್ಕ್ ನಿಧಾನ ಇದ್ದರೆ ಉಳಿದವೂ ಅದಕ್ಕೆ ಕಾಯುತ್ತವೆ. ಅಂಥದ್ದನ್ನ ಬೇರೆ ಇಟ್ಟು ಆಮೇಲೆ ಮಾಡಿ.

ಇನ್ನೊಂದು ತಲೆನೋವು ಡಿಎಚ್‌ಸಿಪಿ, ಅಂದರೆ ಕಂಪ್ಯೂಟರ್‌ಗಳಿಗೆ ನೆಟ್‌ವರ್ಕ್ ವಿಳಾಸ (ಐಪಿ) ಹಂಚೋ ವ್ಯವಸ್ಥೆ. ಕಂಪ್ಯೂಟರ್ ನೆಟ್‌ವರ್ಕಿಂದ ಬೂಟ್ ಆಗುವಾಗ ಐಪಿ ಜೊತೆ ಬೂಟ್ ಫೈಲ್ (ಶುರುವಾಗೋಕೆ ಮೊದಲು ಓಡಿಸಬೇಕಾದ ಫೈಲ್) ಹೆಸರೂ ಸಿಗಬೇಕು. ಕಪ್ಪು ಸ್ಕ್ರೀನಲ್ಲಿ ಪಿಎಕ್ಸ್‌ಇ-ಇ53 ಅಂತ ಬಂದರೆ ಐಪಿ ಸಿಕ್ಕಿದೆ, ಫೈಲ್ ಹೆಸರು ಸಿಕ್ಕಿಲ್ಲ ಅಂತ ಅರ್ಥ. ಕಾಲೇಜಿನ ರೂಟರ್ ಮುಟ್ಟೋಕೆ ಬಿಡಲ್ಲ ಅಂದರೆ (ಎಲ್ಲಿ ಬಿಡ್ತಾರೆ ಹೇಳಿ) ಸರ್ವರಲ್ಲಿ ಡಿಎನ್‌ಎಸ್‌ಮಾಸ್ಕ್ ಅನ್ನೋ ಸಣ್ಣ ಸಾಫ್ಟ್‌ವೇರ್ ಹಾಕಿ ಪ್ರಾಕ್ಸಿ ಡಿಎಚ್‌ಸಿಪಿ ಮಾಡಿ. ಐಪಿಯನ್ನ ರೂಟರೇ ಕೊಡಲಿ, ಫೈಲ್ ಹೆಸರು ಮಾತ್ರ ನಿಮ್ಮ ಸರ್ವರ್ ಕೊಡುತ್ತೆ. ಕಂಪ್ಯೂಟರ್ ಆನ್ ಆದ ಕೂಡಲೇ ಓಡೋ ಪ್ರೋಗ್ರಾಂ ಹಳೇ ಥರದ ಬಯಾಸ್ ಆದರೆ ಒಂದು ಫೈಲ್, ಹೊಸ ಥರದ ಯುಇಎಫ್‌ಐ ಆದರೆ ಇನ್ನೊಂದು. ಲ್ಯಾಬಲ್ಲಿ ಎರಡೂ ಥರದವು ಬೆರೆತಿದ್ದರೆ ಮೊದಲೇ ವಿಂಗಡಿಸಿಕೊಳ್ಳಿ. ಯುಇಎಫ್‌ಐ ಸೆಟ್ಟಿಂಗಲ್ಲಿ ಸೆಕ್ಯೂರ್ ಬೂಟ್ (ಸಹಿ ಇಲ್ಲದ ಬೂಟ್ ಫೈಲ್ ತಡೆಯೋ ಕಾವಲು) ಆಫ್ ಮಾಡೋದು ಮರೀಬೇಡಿ.

ಇಮೇಜ್ ತೆಗೆಯೋ ಮುಂಚೆ ಮಾಸ್ಟರ್ ಕಂಪ್ಯೂಟರಲ್ಲಿ ಫಾಸ್ಟ್ ಸ್ಟಾರ್ಟಪ್ (ವಿಂಡೋಸನ್ನ ಪೂರ್ತಿ ಶಟ್‌ಡೌನ್ ಆಗೋಕೆ ಬಿಡದ ಸೆಟ್ಟಿಂಗ್) ನಿಲ್ಲಿಸಿ, ಸಿಸ್‌ಪ್ರೆಪ್ ಓಡಿಸಿ, ಇದು ಕಂಪ್ಯೂಟರ್‌ನ ಗುರುತು ಅಳಿಸೋ ವಿಂಡೋಸ್‌ನದೇ ಸಾಧನ. ಇದನ್ನ ಓಡಿಸದಿದ್ದರೆ 40 ಕಂಪ್ಯೂಟರೂ ಒಂದೇ ಹೆಸರು, ಒಂದೇ ಗುರುತು ಇಟ್ಕೊಂಡು ಕೂರುತ್ತವೆ. ಮೊದಲು ಎರಡೇ ಕಂಪ್ಯೂಟರ್‌ಗೆ ಕಳಿಸಿ, ಸೌಂಡ್, ನೆಟ್‌ವರ್ಕ್, ಪ್ರಿಂಟರ್ ಎಲ್ಲ ನೋಡಿ, ಆಮೇಲೆ ಉಳಿದವಕ್ಕೆ ಬಿಡಿ. ನಿಮ್ಮ ಸ್ವಿಚ್ ಯಾವ ಮಾಡೆಲ್ ಅಂತ ಹೇಳಿದರೆ ಮಲ್ಟಿಕಾಸ್ಟ್ ಸೆಟ್ಟಿಂಗ್ ಬಗ್ಗೆ ಬರೀತೀನಿ.