ಗೇಟಿನವರೆಗೂ ಹೋಗಿ ವಾಪಸ್ ಬಂದೆ, ಒಳಗೆ ಏನು ನಡೆಯುತ್ತೆ?

ಪ್ರಶ್ನೆ: ನನಗೆ 38. ಪೀಣ್ಯದ ಫ್ಯಾಕ್ಟರಿಯೊಂದರಲ್ಲಿ ಮಷೀನ್ ಆಪರೇಟರ್. ಹತ್ತು ವರ್ಷದಿಂದ ಕುಡಿತ, ಕೊನೆಕೊನೆಗೆ ಬೆಳಿಗ್ಗೆ ಎದ್ದ ಕೂಡಲೇ ಬೇಕಾಗುತ್ತಿತ್ತು. ಆಸ್ಪತ್ರೆ ಸೇರಿ ಬಿಟ್ಟು ಇವತ್ತಿಗೆ 19 ದಿನ. ಡಾಕ್ಟರು ಎಎ (ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಗುಂಪು) ಮೀಟಿಂಗಿಗೆ ಹೋಗಿ ಅಂದರು. ಹೋದರೆ ಅದು ಚರ್ಚ್ ಕಾಂಪೌಂಡ್! ಗೇಟಿನಿಂದಲೇ ವಾಪಸ್ ಬಂದೆ. ಅಲ್ಲಿ ಮತ ಬದಲಾಯಿಸು ಅಂತಾರಾ? ಎಲ್ಲರ ಮುಂದೆ ಮಾತಾಡಲೇಬೇಕಾ? ಪರಿಚಯದವರು ಸಿಕ್ಕಿದರೆ?

ಉತ್ತರ: ಗೇಟಿನಿಂದ ವಾಪಸ್ ಬಂದವರು ನೀವೊಬ್ಬರೇ ಅಲ್ಲ. ಇವತ್ತು ಆ ರೂಮಿನಲ್ಲಿ ಕುರ್ಚಿ ಜೋಡಿಸುತ್ತಿರುವವರನ್ನು ಕೇಳಿ ನೋಡಿ, ಅರ್ಧ ಜನ ಇದೇ ಕಥೆ ಹೇಳುತ್ತಾರೆ.

ಮೊದಲು ಚರ್ಚಿನ ವಿಷಯ. ಆಲ್ಕೊಹಾಲಿಕ್ಸ್ ಅನಾನಿಮಸ್ ಯಾವ ಧರ್ಮಕ್ಕೂ, ಪಕ್ಷಕ್ಕೂ ಸೇರಿದ್ದಲ್ಲ. ಸಂಜೆ ಹೊತ್ತು ಖಾಲಿ ಇರುವ, ಹತ್ತಿಪ್ಪತ್ತು ಜನ ಕೂರುವಷ್ಟು ರೂಮು ಕಡಿಮೆ ಬಾಡಿಗೆಗೆ ಎಲ್ಲಿ ಸಿಗುತ್ತೆ ಹೇಳಿ? ಚರ್ಚಿನಲ್ಲಿ, ಸ್ಕೂಲಿನಲ್ಲಿ. ಅಷ್ಟೇ ಕಾರಣ. ಆದರೆ ದೇವರ ಮಾತು ಬರುವುದೇ ಇಲ್ಲ ಅಂತ ಹೇಳಿದರೆ ಸುಳ್ಳಾಗುತ್ತೆ. ಕುಡಿತದಿಂದ ಹೊರಬರಲು ಅವರು ಪಾಲಿಸುವ 12 ಹೆಜ್ಜೆಗಳಲ್ಲಿ ದೇವರ ಹೆಸರಿದೆ, ಕೊನೆಗೆ ಒಂದು ಪುಟ್ಟ ಪ್ರಾರ್ಥನೆಯೂ ಇರುತ್ತೆ. ಆದರೆ ಆ ದೇವರು ಯಾರು ಅನ್ನುವುದು ನಿಮಗೆ ಬಿಟ್ಟಿದ್ದು, ಮಂಜುನಾಥನೋ, ಅಲ್ಲಾನೋ, ಅಥವಾ ದೇವರೇ ಬೇಡ ಅನ್ನುವವರಿಗೆ ಆ ಗುಂಪೇ ದೊಡ್ಡದು.

ಒಳಗೆ ನಡೆಯುವುದು ಬಹಳ ಸಾದಾ. ಗಂಟೆ, ಒಂದೂವರೆ ಗಂಟೆ ಕೂರುತ್ತಾರೆ. ಒಬ್ಬೊಬ್ಬರಾಗಿ ಹೆಸರು ಹೇಳಿ, ನಾನು ಆಲ್ಕೊಹಾಲಿಕ್ ಅಂತ ಶುರು ಮಾಡಿ, ತಮ್ಮದೇ ಕಥೆ ಹೇಳುತ್ತಾರೆ. ಹೆಂಡತಿಯ ಓಲೆ ಅಡವಿಟ್ಟಿದ್ದು, ಮಗಳ ಸ್ಕೂಲ್ ಡೇಗೆ ತೂರಾಡಿಕೊಂಡು ಹೋಗಿದ್ದು, ಎಲ್ಲಾ. ಮಧ್ಯೆ ಯಾರೂ ಬಾಯಿ ಹಾಕುವುದಿಲ್ಲ, ಬುದ್ಧಿ ಹೇಳುವುದಿಲ್ಲ. ಬುದ್ಧಿ ಹೇಳಿಸಿಕೊಂಡು ಸಾಕಾಗಿರುತ್ತಲ್ವಾ ನಿಮಗೆ! ನಿಮ್ಮ ಸರದಿ ಬಂದಾಗ 'ಇವತ್ತು ಬರೀ ಕೇಳ್ತೀನಿ' ಅಂದರೆ ಮುಗಿಯಿತು. ಫೀಸ್ ಇಲ್ಲ. ಕೊನೆಗೆ ಕಾಣಿಕೆಗೆ ಒಂದು ಚೀಲ ಸುತ್ತು ಬರುತ್ತೆ, ಬಾಡಿಗೆಗೂ ಟೀಗೂ ಅದೇ ದುಡ್ಡು. ಕಾಸಿಲ್ಲದಿದ್ದರೆ ಸುಮ್ನೆ ಪಕ್ಕದವರಿಗೆ ದಾಟಿಸಿ. ಸೇರಲು ಇರುವ ಷರತ್ತು ಒಂದೇ: ಕುಡಿತ ಬಿಡಬೇಕು ಅನ್ನುವ ಆಸೆ.

ಪರಿಚಯದವರು ಸಿಕ್ಕಿದರೆ ಅಂದಿರಿ. ಸಿಗಬಹುದು. ಆದರೆ ಅವರೂ ಅದೇ ರೂಮಿನಲ್ಲಿ ತಾನೇ ಕೂತಿರುತ್ತಾರೆ! ಅಲ್ಲಿ ಕೇಳಿದ್ದು, ಅಲ್ಲಿ ಕಂಡ ಮುಖ ಹೊರಗೆ ಹೋಗಬಾರದು ಅನ್ನುವುದನ್ನು ಅವರು ಗಟ್ಟಿಯಾಗಿ ಹಿಡಿದಿರುತ್ತಾರೆ. ಅಷ್ಟಕ್ಕೂ ನೀವು ಬಾರ್ ಮುಂದೆ ನಿಂತಿದ್ದನ್ನು ಇಡೀ ಏರಿಯಾ ನೋಡಿರುತ್ತೆ, ಆಗ ಇಲ್ಲದ ನಾಚಿಕೆ ಈಗ ಯಾಕೆ ಅಂತ ನಾನು ಸ್ವಲ್ಪ ಒರಟಾಗಿಯೇ ಕೇಳುತ್ತೇನೆ.

ಇದು ಹೇಗೆ ಕೆಲಸ ಮಾಡುತ್ತೆ ಅಂತ ಅನುಮಾನ ಇದ್ದರೆ ಅದು ಶುರುವಾದ ರೀತಿ ಕೇಳಿ. 1935ರಲ್ಲಿ ಅಮೆರಿಕದ ಆಕ್ರನ್ ಎಂಬ ಊರಿಗೆ ವ್ಯವಹಾರಕ್ಕೆ ಹೋಗಿದ್ದ ಬಿಲ್ ವಿಲ್ಸನ್ ಕುಡಿತ ಬಿಟ್ಟು ಕೆಲವೇ ತಿಂಗಳಾಗಿತ್ತು. ಕೆಲಸ ಕೆಟ್ಟಿತು. ಹೋಟೆಲಿನಲ್ಲಿ ಒಬ್ಬನೇ, ಎದುರಿಗೇ ಬಾರ್. ಆಗ ಅವನು ಬಾರಿಗೆ ಹೋಗದೆ ಫೋನ್ ಹಿಡಿದು, ಮಾತಾಡಲು ಇನ್ನೊಬ್ಬ ಕುಡುಕನನ್ನು ಹುಡುಕಿದ. ಸಿಕ್ಕಿದ್ದು ಬಾಬ್ ಸ್ಮಿತ್ ಎಂಬ ಸರ್ಜನ್. ಅವರಿಬ್ಬರ ಮಾತೇ ಮೊದಲ ಮೀಟಿಂಗ್. ನಿಮಗೂ ಮೀಟಿಂಗಿಗಿಂತ ಜಾಸ್ತಿ ಉಪಯೋಗಕ್ಕೆ ಬರುವುದು ಅಲ್ಲಿ ಸಿಗುವ ಎರಡು ಮೂರು ಫೋನ್ ನಂಬರು. ಸಂಬಳದ ದಿನ ಶಿಫ್ಟ್ ಮುಗಿದ ಮೇಲೆ ಬಸ್ ಸ್ಟಾಪಿನಲ್ಲಿ ನಿಂತು ಫೋನ್ ಮಾಡಲು ಒಬ್ಬರಿರಬೇಕು.

ಒಂದೇ ಮೀಟಿಂಗ್ ನೋಡಿ ತೀರ್ಮಾನ ಮಾಡಬೇಡಿ. ಒಂದೊಂದು ಗುಂಪಿನ ಗುಣ ಒಂದೊಂದು ಥರ. ಬೆಂಗಳೂರಿನಲ್ಲಿ ಕನ್ನಡ, ತಮಿಳು, ಇಂಗ್ಲಿಷ್ ಗುಂಪುಗಳಿವೆ, ಎಎ ಇಂಡಿಯಾ ವೆಬ್‌ಸೈಟಿನಲ್ಲಿ ಊರಿನ ಪ್ರಕಾರ ಹುಡುಕಬಹುದು. ನಿಮಗೆ ಚಿಕಿತ್ಸೆ ಕೊಟ್ಟ ವಾರ್ಡಿನಲ್ಲೂ ಕೇಳಿ. ಮೊದಲ ಸಲ ಹತ್ತು ನಿಮಿಷ ಮುಂಚೆ ಹೋಗಿ, ಮೀಟಿಂಗ್ ಶುರುವಾದ ಮೇಲೆ ಬಾಗಿಲು ತಳ್ಳುವುದು ಇನ್ನೂ ಕಷ್ಟ.

ಪ್ರಶ್ನೆ: ನಮ್ಮದು ಹಾಸನದ ಹತ್ತಿರ ಹಳ್ಳಿ. ನಮ್ಮ ಯಜಮಾನರು ದಿನಾ ಕುಡಿಯುತ್ತಾರೆ, ಮೀಟಿಂಗು ಗೀಟಿಂಗು ಬೇಡ ಅಂತಾರೆ. ಗೊತ್ತಾಗದ ಹಾಗೆ ಸಾರಿನಲ್ಲಿ ಹಾಕುವ ಮಾತ್ರೆ ಇದೆಯಂತೆ, ಕೊಡಬಹುದಾ?

ಉತ್ತರ: ಖಂಡಿತ ಬೇಡಮ್ಮ. ಹಾಗೆ ಕದ್ದು ಹಾಕುವ ಮಾತ್ರೆ ಸಾಮಾನ್ಯವಾಗಿ ಡೈಸಲ್ಫಿರಾಮ್. ಅದರ ಮೇಲೆ ಕುಡಿದರೆ ವಾಂತಿ, ಎದೆ ಬಡಿತ, ಬಿಪಿ ಇಳಿದು ಜೀವಕ್ಕೇ ಅಪಾಯ ಆಗಬಹುದು. ತಗೊಳ್ಳುವವರಿಗೆ ತಿಳಿಸಿ, ಒಪ್ಪಿಸಿ, ಡಾಕ್ಟರು ಕೊಡಬೇಕಾದ ಮಾತ್ರೆ ಅದು.

ಇನ್ನೊಂದು ವಿಷಯ. ನಿಮ್ಮ ಕಣ್ಣೀರಿಗೆ ಕರಗಿ ಅವರು ಒಂದು ದಿನ ಪೂರ್ತಿ ಬಿಟ್ಟೆ ಅಂತ ಕೂತರೆ ಆಗಲೇ ಹುಷಾರು. ದಿನಾ ಕುಡಿಯುವವರು ಏಕಾಏಕಿ ನಿಲ್ಲಿಸಿದರೆ ಎರಡು ಮೂರು ದಿನದೊಳಗೆ ಕೈ ನಡುಕ, ಫಿಟ್ಸ್, ಇಲ್ಲದ್ದೆಲ್ಲ ಕಾಣುವುದು ಶುರುವಾಗಬಹುದು. ಅದಕ್ಕೇ ಬಿಡುವ ಮೊದಲೇ ಡಾಕ್ಟರಿಗೆ ತೋರಿಸಿ. ಫಿಟ್ಸ್ ಬಂದರೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ.

ಅವರು ಬರದಿದ್ದರೆ ನೀವೇ ಹೋಗಿ. ಎಎಯಲ್ಲಿ ಓಪನ್ ಮೀಟಿಂಗ್ ಅಂದರೆ ಮನೆಯವರೂ ಕೂರಬಹುದು. ಕುಡಿಯುವವರ ಮನೆಯವರಿಗೇ ಅಂತ ಅಲ್-ಅನಾನ್ ಎಂಬ ಬೇರೆ ಗುಂಪುಗಳಿವೆ, ಫೋನಿನಲ್ಲೇ ಸೇರುವ ಮೀಟಿಂಗುಗಳೂ ಇವೆ. ಹಳ್ಳಿ ಕಡೆ ನಿಮಗೆ ಹತ್ತಿರ ಆಗುವುದು ಬಹುಶಃ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯವರ ಮದ್ಯವರ್ಜನ ಶಿಬಿರ. ಶಿಬಿರದಿಂದ ಬಂದವರು ಊರಲ್ಲಿ ನವಜೀವನ ಸಮಿತಿ ಅಂತ ಸೇರುತ್ತಾರೆ. ಅಲ್ಲಿ ಬಿಟ್ಟವರು ಯಾರಾದರೂ ನಿಮ್ಮ ಯಜಮಾನರ ಹಳೇ ಜೊತೆಗಾರರಿದ್ದರೆ ಅವರನ್ನೇ ಒಂದು ಸಂಜೆ ಮನೆಗೆ ಕರೆಯಿರಿ. ಕಾಫಿ ಕೊಟ್ಟು ನೀವು ಒಳಗೆ ಹೋಗಿಬಿಡಿ. ಅಷ್ಟರೊಳಗೆ ಮಾತಾಡಬೇಕು ಅನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ದಿನಪೂರ್ತಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.