ರಿಪೋರ್ಟ್‌ನಲ್ಲಿ ‘ಲೂಪಸ್ ಆಂಟಿಕೋಆಗ್ಯುಲೆಂಟ್’

ಪ್ರಶ್ನೆ: ತಂಗಿಗೆ ಲೂಪಸ್ (ದೇಹದ ರಕ್ಷಣಾ ವ್ಯವಸ್ಥೆಯೇ ದೇಹದ ಮೇಲೆ ದಾಳಿ ಮಾಡುವ ಕಾಯಿಲೆ) ಇದೆ. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದರಿಂದ ಹೆಪ್ಪುಗಟ್ಟುವುದನ್ನು ತಡೆಯುವ ವಾರ್ಫರಿನ್ ಮಾತ್ರೆ ಕೊಡುತ್ತಿದ್ದಾರೆ. ಈಗಿನ ರಿಪೋರ್ಟ್‌ನಲ್ಲಿ ‘ಲೂಪಸ್ ಆಂಟಿಕೋಆಗ್ಯುಲೆಂಟ್ ಪಾಸಿಟಿವ್, ಎಪಿಟಿಟಿ ಜಾಸ್ತಿ’ ಎಂದಿದೆ. ರಕ್ತ ತೆಳುವಾಗಿದೆ ಅಂತ ಮಾತ್ರೆ ನಿಲ್ಲಿಸಬಹುದಾ? 12 ವಾರ ಬಿಟ್ಟು ಮತ್ತೆ ಪರೀಕ್ಷೆ ಯಾಕೆ?

ಉತ್ತರ: ದಯವಿಟ್ಟು ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ. ಲ್ಯಾಬಿನಲ್ಲಿ ಕೂತು ಇಂಥ ರಿಪೋರ್ಟ್‌ಗಳನ್ನು ಬರೆಯುವವಳು ನಾನು. ಈ ಗೊಂದಲ ನೋಡಿದಾಗೆಲ್ಲ ನನಗೆ ಆತಂಕವಾಗುತ್ತದೆ.

ಎಪಿಟಿಟಿ ಪರೀಕ್ಷೆಯಲ್ಲಿ ಪ್ಲಾಸ್ಮಾಕ್ಕೆ (ರಕ್ತದ ದ್ರವಭಾಗಕ್ಕೆ) ಫಾಸ್ಫೋಲಿಪಿಡ್ ಎಂಬ ಕೊಬ್ಬಿನಂಶ ಮತ್ತು ಕ್ಯಾಲ್ಸಿಯಂ ಸೇರಿಸಿ, ಹೆಪ್ಪುಗಟ್ಟಲು ಎಷ್ಟು ಸೆಕೆಂಡ್ ಹಿಡಿಯುತ್ತದೆ ಅಂತ ನೋಡುತ್ತೇವೆ. ಲೂಪಸ್ ಆಂಟಿಕೋಆಗ್ಯುಲೆಂಟ್ ಎಂದರೆ ದೇಹವೇ ತಯಾರಿಸುವ ಕೆಲವು ಆಂಟಿಬಾಡಿಗಳು. ಅವು ಆ ಫಾಸ್ಫೋಲಿಪಿಡ್‌ಗೆ ಅಡ್ಡಬರುತ್ತವೆ. ಸಮಯ ಜಾಸ್ತಿಯಾಗುತ್ತದೆ. ದೇಹದೊಳಗೆ ಪೂರಾ ಉಲ್ಟಾ: ರಕ್ತನಾಳದ ಒಳಪದರವನ್ನೂ ಪ್ಲೇಟ್‌ಲೆಟ್‌ಗಳನ್ನೂ ಕೆರಳಿಸಿ ಹೆಪ್ಪುಗಟ್ಟಿಸುತ್ತವೆ.

ಇನ್ನೊಂದು ವಿಷಯ. ವಾರ್ಫರಿನ್ ತಗೊಳ್ಳುವಾಗ ಲೂಪಸ್ ಆಂಟಿಕೋಆಗ್ಯುಲೆಂಟ್ ಪರೀಕ್ಷೆ ಸುಳ್ಳು ಪಾಸಿಟಿವ್ ತೋರಿಸಬಹುದು. ರಕ್ತ ಕೊಡುವಾಗ ಮಾತ್ರೆಯ ಹೆಸರು ಚೀಟಿಯಲ್ಲಿ ಬರೆಸಿ. ಎಷ್ಟೋ ಚೀಟಿಗಳಲ್ಲಿ ಅದೇ ಇರುವುದಿಲ್ಲ! ಇದೇ ಗುಂಪಿನ ಆಂಟಿಬಾಡಿಗಳನ್ನು ಹುಡುಕುವ ಆಂಟಿಕಾರ್ಡಿಯೋಲಿಪಿನ್, ಆಂಟಿ ಬೀಟಾ-2 ಗ್ಲೈಕೋಪ್ರೋಟೀನ್ ಪರೀಕ್ಷೆಗಳಿಗೆ ವಾರ್ಫರಿನ್ ಅಡ್ಡಿಯಿಲ್ಲ. ಅವೂ ಆಗಿವೆಯಾ ಅಂತ ವೈದ್ಯರನ್ನು ಕೇಳಿ. ಮೂರೂ ಪಾಸಿಟಿವ್ ಆದರೆ ಅಪಾಯ ಜಾಸ್ತಿ.

12 ವಾರ ಯಾಕೆ ಅಂದರೆ, ಯಾವುದೋ ಸೋಂಕು ಬಂದುಹೋದಾಗಲೂ ಈ ಆಂಟಿಬಾಡಿಗಳು ಕೆಲಕಾಲ ಕಾಣಿಸಿಕೊಂಡು ಮಾಯವಾಗುತ್ತವೆ. ಉಳಿದುಕೊಂಡರೆ ಮಾತ್ರ ಆಂಟಿಫಾಸ್ಫೋಲಿಪಿಡ್ ಸಿಂಡ್ರೋಮ್ (ಈ ಆಂಟಿಬಾಡಿಗಳಿಂದ ರಕ್ತ ಹೆಪ್ಪುಗಟ್ಟುವ ಕಾಯಿಲೆ) ಎನ್ನುತ್ತೇವೆ. ಮಾತ್ರೆ ಎಷ್ಟು ವರ್ಷ ಅನ್ನುವುದು ಅದರ ಮೇಲೆ ನಿಂತಿದೆ. ತಂಗಿ ಮುಂದೆ ಗರ್ಭಿಣಿಯಾಗುವ ಯೋಚನೆಯಲ್ಲಿದ್ದರೆ ಈಗಲೇ ವೈದ್ಯರಿಗೆ ತಿಳಿಸಲಿ. ವಾರ್ಫರಿನ್ ಮಗುವಿಗೆ ಹಾನಿ ಮಾಡಬಹುದು, ಸಾಮಾನ್ಯವಾಗಿ ಹೆಪ್ಪುಗಟ್ಟುವುದನ್ನು ತಡೆಯುವ ಇಂಜೆಕ್ಷನ್ ಆದ ಹೆಪಾರಿನ್‌ಗೆ ಬದಲಾಯಿಸುತ್ತಾರೆ.