ಚೆನ್ನಾಗಿರೋವಾಗ ಯಾಕೆ ಎಳೀಬೇಕು ಅಂದ ರಾಮಣ್ಣ: ಒಂದು ಆಪ್ತಸಲಹೆ ಪ್ರಕರಣ

ರಾಮಣ್ಣ ಅಂತ ಕರೆಯೋಣ, ನಿಜ ಹೆಸರಲ್ಲ, ಗುರುತು ಸಿಗೋ ವಿವರಗಳನ್ನೂ ಬದಲಾಯಿಸಿದೀನಿ. ನಲವತ್ತು ದಾಟಿದ ವಯಸ್ಸು, ಶಿಡ್ಲಘಟ್ಟದ ಕಡೆಯವರು, ಮನೆಗೆ ಅಂಟಿಕೊಂಡಿರೋ ಶೆಡ್ಡಲ್ಲಿ ಗಂಡ ಹೆಂಡತಿ ಇಬ್ರೂ ಸೇರಿ ರೇಷ್ಮೆ ರೀಲಿಂಗ್ ಮಾಡ್ತಾರೆ. ಆಸ್ತಮಾಗೆ ಕೊಟ್ಟ ಔಷಧಿ ಸರಿಯಾಗಿ ತಗೋತಿಲ್ಲ, ಸ್ವಲ್ಪ ಮಾತಾಡಿ ನೋಡಿ ಅಂತ ಅವರ ಎದೆರೋಗದ ಡಾಕ್ಟರ್ ಚೀಟಿ ಬರೆದು ಚಿಕ್ಕಬಳ್ಳಾಪುರಕ್ಕೆ ನನ್ನ ಹತ್ರ ಕಳಿಸಿದ್ರು.

ಮಾತು ಶುರು ಮಾಡಿದ್ದು ಹೆಂಡತಿ. "ನೋಡಿ ಮೇಡಂ, ಉಸಿರು ಕಟ್ಟಿದಾಗ ನೀಲಿ ಪಂಪು ಹೊಡ್ಕೋತಾರೆ, ದಿನಾ ತಗೋಬೇಕಾದ್ದು ಮಾತ್ರ ಬೀರೂಲಿ ಹಂಗೇ ಬಿದ್ದೈತೆ." ನೀಲಿ ಪಂಪು ಅಂದ್ರೆ ತಕ್ಷಣಕ್ಕೆ ಉಸಿರು ಸಲೀಸು ಮಾಡೋ ಇನ್ಹೇಲರ್, ದಿನಾ ತಗೋಬೇಕಾದ್ದು ಸ್ಟೀರಾಯ್ಡ್ ಇರೋ ಇನ್ಹೇಲರ್. ರಾಮಣ್ಣ ತಲೆ ತಗ್ಗಿಸಿಕೊಂಡೇ, "ಚೆನ್ನಾಗಿರೋವಾಗ ಯಾಕೆ ಎಳೀಬೇಕು ಮೇಡಂ, ಅಭ್ಯಾಸ ಆಗೋಗುತ್ತೆ, ಅದ್ರಲ್ಲಿ ಸ್ಟೀರಾಯ್ಡ್ ಬೇರೆ ಇದೆಯಂತೆ" ಅಂದ್ರು.

ಸ್ಟೀರಾಯ್ಡ್ ಅಂದ್ರೆ ಏನು ಭಯ ಅಂತ ಕೇಳಿದ್ಮೇಲೆ ನಿಜವಾದ ವಿಷಯ ಹೊರಗೆ ಬಂತು. ಅವರ ತಾಯಿ ಮಂಡಿನೋವಿಗೆ ಅಂತ ವರ್ಷಗಟ್ಟಲೆ ಸ್ಟೀರಾಯ್ಡ್ ಮಾತ್ರೆ ನುಂಗಿದ್ರಂತೆ, ಯಾರೂ ಏನು ಎತ್ತ ಅಂತ ಹೇಳಿರಲಿಲ್ಲ, ಮುಖ ಊದಿಕೊಂಡು, ಶುಗರ್ ಬಂದು, ಕೊನೆಗೆ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರೀತು. ಇಷ್ಟೆಲ್ಲ ಕಣ್ಣಾರೆ ಕಂಡ ಮಗ ಭಯ ಪಡೋದ್ರಲ್ಲಿ ತಪ್ಪೇನಿದೆ? ಇಂಥವರಿಗೆ "ಏನೂ ಆಗಲ್ಲ, ಸುಮ್ನೆ ತಗೊಳ್ಳಿ" ಅಂದ್ರೆ ಅವರು ನಮ್ಮ ಮಾತನ್ನ ಅಲ್ಲೇ ಬಿಟ್ಟು ಎದ್ದು ಹೋಗ್ತಾರೆ, ಅದು ನನಗೆ ಚೆನ್ನಾಗಿ ಗೊತ್ತು. ಹಾಗಾಗಿ ನಿಮ್ಮ ತಾಯಿಗೆ ಆಗಿದ್ದು ನಿಜ, ಆ ಮಾತ್ರೆಯಿಂದ ಹಾಗಾಗುತ್ತೆ ಅಂತಾನೇ ಮೊದಲು ಹೇಳಿದೆ.

ಆಮೇಲೆ ಇನ್ಹೇಲರ್ ವಿಷಯಕ್ಕೆ ಬಂದ್ವಿ. ಮಾತ್ರೆ ಹೊಟ್ಟೆಗೆ ಹೋಗಿ ರಕ್ತದಲ್ಲಿ ಸೇರಿ ಮೈಯೆಲ್ಲ ಸುತ್ತುತ್ತೆ, ಲೆಕ್ಕ ಮಿಲಿಗ್ರಾಂನಲ್ಲಿ. ಇವರಿಗೆ ಬರೆದಿದ್ದು ಬುಡೆಸೊನೈಡ್ ಅನ್ನೋ ಸ್ಟೀರಾಯ್ಡ್ 200 ಮೈಕ್ರೋಗ್ರಾಂ, ಅಂದ್ರೆ ಒಂದು ಮಿಲಿಗ್ರಾಂನ ಐದನೇ ಒಂದು ಭಾಗ, ಅದೂ ನೇರವಾಗಿ ಉಸಿರಿನ ಕೊಳವೆಗೆ. ಎರಡೂ ಬೇರೆ ಬೇರೆ ಔಷಧಿ, ಬರೀ ತೂಕ ಇಟ್ಟು ಹೋಲಿಸೋಕಾಗಲ್ಲ, ಆದ್ರೂ ಮೈಗೆ ಸೇರೋದು ತುಂಬಾ ಕಡಿಮೆ ಅನ್ನೋದು ಮಾತ್ರ ಸತ್ಯ.

ಕೊಳವೆ ಒಳಗೆ ಏನಾಗುತ್ತೆ ಅಂತ ಅವರೇ ಕೇಳಿದ್ರು, ನನಗೂ ಅಲ್ಲೇ ನಿಧಾನವಾಗಿ ಕೂತು ಹೇಳ್ಬೇಕು ಅನ್ನಿಸ್ತು. ಉಸಿರಿನ ಕೊಳವೆಗೆ ಒಳಗಡೆ ಜೀವಕೋಶಗಳ ಒಂದು ಪದರ ಇದೆ, ಧೂಳು ಹೊಗೆ ಎಲ್ಲ ಮೊದಲು ತಾಗೋದು ಅದಕ್ಕೇ. ಆಸ್ತಮಾದಲ್ಲಿ ಈ ಕೋಶಗಳು ಸುಮ್ನಿರಲ್ಲ, ರಕ್ತದಿಂದ ಇಯೊಸಿನೊಫಿಲ್ ಥರದ ಬಿಳಿ ರಕ್ತಕಣಗಳನ್ನ ಕರೆಸೋ ರಾಸಾಯನಿಕ ಬಿಡ್ತಾ ಇರ್ತವೆ, ಕಫ ಮಾಡೋ ಕೋಶಗಳು ಜಾಸ್ತಿ ಆಗ್ತವೆ, ಗೋಡೆ ಊದಿಕೊಳ್ಳುತ್ತೆ. ಸ್ಟೀರಾಯ್ಡ್ ಕೋಶದೊಳಗೆ ನುಗ್ಗಿ ಅಲ್ಲಿ ಕಾಯ್ತಿರೋ ರಿಸೆಪ್ಟರ್ ಅನ್ನೋ ಪ್ರೋಟೀನಿಗೆ ಅಂಟಿಕೊಳ್ಳುತ್ತೆ, ಎರಡೂ ಸೇರಿ ಕೋಶಕೇಂದ್ರಕ್ಕೆ ಹೋಗಿ ಉರಿಯೂತ ಎಬ್ಬಿಸೋ ಜೀನ್‌ಗಳನ್ನ ತಗ್ಗಿಸಿ, ಅದನ್ನ ಅಡಗಿಸೋ ಕೆಲವು ಜೀನ್‌ಗಳನ್ನ ಏರಿಸ್ತವೆ. 2007ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಸಂಶೋಧಕರು ಆಸ್ತಮಾ ಇರೋರ ಕೊಳವೆಯಿಂದ ಬ್ರಷ್ಷಲ್ಲಿ ಈ ಕೋಶಗಳನ್ನೇ ತೆಗೆದು ನೋಡಿದ್ರು. ಪೆರಿಯೋಸ್ಟಿನ್ ಥರದ ಕೆಲವು ಜೀನ್‌ಗಳು ಜೋರಾಗಿದ್ವು, ಒಂದು ವಾರ ಸ್ಟೀರಾಯ್ಡ್ ಎಳೆದ್ಮೇಲೆ ಇಳಿದಿದ್ವು.

"ವಾರಕ್ಕೇನಾ?" ಅಂದ್ರು ರಾಮಣ್ಣ. ಕೋಶದ ಮಟ್ಟದಲ್ಲಿ ಹೌದು, ಆದ್ರೆ ಕೊಳವೆಯ ಸಿಡುಕು ಪೂರ್ತಿ ಕಡಿಮೆಯಾಗೋಕೆ ವಾರಗಳು, ತಿಂಗಳುಗಳೇ ಬೇಕು, ಬಿಟ್ರೆ ಉರಿಯೂತ ಮೆಲ್ಲಗೆ ವಾಪಸ್ ಬರುತ್ತೆ ಅಂದೆ. ನೀಲಿ ಪಂಪು ಬಿಗಿದ ಸ್ನಾಯು ಸಡಿಲ ಮಾಡುತ್ತೆ ಅಷ್ಟೇ, ಈ ಪದರದ ಉರಿಯೂತ ಅದ್ರಿಂದ ಇಳಿಯಲ್ಲ. ಸ್ವಲ್ಪ ಹೊತ್ತು ಯೋಚ್ನೆ ಮಾಡಿ ಅವರೇ ಅಂದ್ರು, "ಅಂದ್ರೆ ನೀಲಿದು ಉಕ್ಕೋ ಬಾಣಲೆಗೆ ತಣ್ಣೀರು ಚಿಮುಕಿಸಿದಂಗೆ, ಇದು ಅಡಿಯಿಂದ ಸೌದೆ ಎಳೆದಂಗೆ." ನಾನು ಇದಕ್ಕಿಂತ ಚೆನ್ನಾಗಿ ಹೇಳ್ತಿರಲಿಲ್ಲ.

ನೀಲಿ ಪಂಪಲ್ಲಿ 200 ಸಲ ಹೊಡೆಯೋ ಔಷಧಿ ಇರುತ್ತೆ, ಇವರು ತಿಂಗಳಿಗೊಂದು ಖಾಲಿ ಮಾಡ್ತಿದ್ರು. ವರ್ಷಕ್ಕೆ ಮೂರು ಅಥವಾ ಜಾಸ್ತಿ ಮುಗಿದ್ರೇನೇ ಜೋರಾಗಿ ಉಸಿರು ಕೆಡೋ ಅಪಾಯ ಹೆಚ್ಚು, ಹನ್ನೆರಡು ಮುಟ್ಟಿದ್ರೆ ಜೀವಕ್ಕೇ ಅಪಾಯ ಹೆಚ್ಚು ಅನ್ನೋದನ್ನ ಮುಚ್ಚಿಡದೆ ಹೇಳಿದೆ, ಹೆಂಡತಿ ಕಣ್ಣಲ್ಲಿ ನೀರು ಬಂತು.

ದಿನಾ ತಗೋಬೇಕಾದ ಇನ್ಹೇಲರನ್ನ ಎಳೆದು ತೋರಿಸಿ ಅಂದೆ. ಬಾಯಿಗಿಟ್ರು, ಒತ್ತಿದ್ರು, ಉಸಿರು ಎಳೆದಿದ್ದು ಆಮೇಲೆ, ಔಷಧಿಯೆಲ್ಲ ನಾಲಿಗೆ ಮೇಲೆ ಬಿಳಿ ಹೊಗೆಯಾಗಿ ತುಟಿ ಸಂದಿಯಿಂದ ಹೊರಗೆ ಬಂತು. ಹೀಗೆ ದಿನಾ ತಗೊಂಡಿದ್ರೂ ಔಷಧಿ ಕೊಳವೆಗೆ ಅಷ್ಟಾಗಿ ಮುಟ್ತಿರಲಿಲ್ಲ. ಸ್ಪೇಸರ್, ಅಂದ್ರೆ ಇನ್ಹೇಲರಿಗೂ ಬಾಯಿಗೂ ನಡುವೆ ಇಡೋ ಪ್ಲಾಸ್ಟಿಕ್ ಡಬ್ಬಿ, ಹಾಕಿ ನಿಧಾನವಾಗಿ ಎಳೆದು, ಹತ್ತು ಎಣಿಸೋವರೆಗೆ ಉಸಿರು ಹಿಡಿಯೋದನ್ನ ಅಭ್ಯಾಸ ಮಾಡಿಸಿದೆ.

ಕೊಟ್ಟ ಸಲಹೆ ಇಷ್ಟು. ಡಾಕ್ಟರ್ ಹೇಳಿದ ಡೋಸ್ ಚೆನ್ನಾಗಿರೋ ದಿನಾನೂ ತಗೋಬೇಕು, ಹಲ್ಲುಜ್ಜೋ ಮುಂಚೆ ಎಳೆದ್ರೆ ಮರೆಯಲ್ಲ, ಉಜ್ಜಿದ್ಮೇಲೆ ಬಾಯಿ ಮುಕ್ಕಳಿಸಿ ಉಗಿದ್ರೆ ಬಾಯಲ್ಲಿ ಬಿಳಿ ಬೂಷ್ಟು ಹಿಡಿಯೋದೂ ಕಡಿಮೆ. ದನಿ ಸ್ವಲ್ಪ ಒರಟಾಗಬಹುದು, ಹೆಚ್ಚು ಡೋಸ್ ವರ್ಷಾನುಗಟ್ಟಲೆ ಬೇಕಾದ್ರೆ ಡಾಕ್ಟರ್ ಕಣ್ಣಿಡಬೇಕು, ಕಡಿಮೆ ಮಾಡೋದೂ ಅವರೇ. ಬೀಡಿ ಬಿಡಲೇಬೇಕು, ಹೊಗೆ ಇದ್ರೆ ಸ್ಟೀರಾಯ್ಡ್ ಕೆಲಸಾನೇ ಮಂಕಾಗುತ್ತೆ. ಒಂದು ವಾಕ್ಯ ಪೂರ್ತಿ ಹೇಳೋಕೂ ಉಸಿರು ಸಾಲದೇ ಹೋದ್ರೆ, ತುಟಿ ನೀಲಿ ತಿರುಗಿದ್ರೆ, ಕಾಯಬೇಡಿ, 108ಕ್ಕೆ ಫೋನ್ ಮಾಡಿ.

ಇನ್ನೊಂದು ಮಾತು ಹೆಂಡತಿ ಬಾಯಿಂದ ಬಂತು, ಮದುವೆಗೆ ಅಂತ ವಾರ ಊರು ಬಿಟ್ಟಿದ್ದಾಗ ಇವರಿಗೆ ಉಸಿರು ಸಲೀಸಾಗಿತ್ತಂತೆ. ಗೂಡು ಬೇಯಿಸೋ ಆವಿ, ಹುಳದ ಪುಡಿ ಇವುಗಳಿಂದ ಆಸ್ತಮಾ ಬರೋದು ರೇಷ್ಮೆ ಕೆಲಸದವರಲ್ಲಿ ಗೊತ್ತಿರೋ ವಿಷಯಾನೇ. ದಿನವಿಡೀ ಕೆರಳಿಸ್ತಾ ಇದ್ರೆ ಇನ್ಹೇಲರ್ ಒಂದೇ ಸಾಲಲ್ಲ. ಅದನ್ನ ಡಾಕ್ಟರ್‌ಗೆ ಬರೆದು ಕಳಿಸಿದೆ, ಉಸಿರು ಎಷ್ಟು ಜೋರಾಗಿ ಊದಬಹುದು ಅಂತ ಅಳೆಯೋ ಪೀಕ್ ಫ್ಲೋ ಮೀಟರಲ್ಲಿ ಕೆಲಸದ ದಿನ, ರಜೆ ದಿನ ಎರಡೂ ಊದಿ ಬರೆದಿಡೋಕೆ ಅವರು ಹೇಳಿದಾರೆ. ಶೆಡ್ಡಿಗೆ ಎಕ್ಸಾಸ್ಟ್ ಫ್ಯಾನ್ ಹಾಕಿಸೋ ಮಾತು ನಡೀತಿದೆ. ಮುಂದಿನ ಸಲ ಬಂದಾಗ ರಾಮಣ್ಣ ನೀಲಿ ಪಂಪು ಅಪರೂಪಕ್ಕೆ ಮುಟ್ತಿದೀನಿ ಅಂದ್ರು, ಆದ್ರೆ ಬಾಣಲೆ ಮುಂದೆ ನಿಲ್ಲೋದು ಬಿಡ್ಬೇಕಾ ಅನ್ನೋದು ಅವರ ಹೊಟ್ಟೆಪಾಡಿನ ಪ್ರಶ್ನೆ, ಅದನ್ನ ಊದಿದ ಲೆಕ್ಕ ಕೈಗೆ ಬಂದ್ಮೇಲೆ ಡಾಕ್ಟರ್ ಜೊತೆ ಮೂರೂ ಜನ ಕೂತು ಮಾತಾಡೋಣ ಅಂತ ಆಗಿದೆ.